ಬೂತಾಯಿ ಮೀನು: ಬಿತ್ತನೆ ಬೀಜ ಉಳಿಸಿದಂತೆ ಮರಿಯನ್ನು ಉಳಿಸೋಣ

ಮಲಯಾಳದಲ್ಲಿ ಮತ್ತಿ, ತುಳುವಿನಲ್ಲಿ ಬೂತಾಯಿ, ಕೊಂಕಣಿಯಲ್ಲಿ ತಾರ್ಲೆ, ಕನ್ನಡದಲ್ಲಿ ಬೈಗೆ. ನಮ್ಮ ಕಾಸರಗೋಡು ಸೀಮೆಯಲ್ಲಿ ಒಂದೇ ಬುಟ್ಟಿಯ ಮೀನಿಗೆ ಈ ಎಲ್ಲ ಹೆಸರುಗಳೂ ಕೇಳಿಬರುತ್ತವೆ. ಹಿಂದೆ ಇದು ಹೇರಳವಾಗಿ ಸಿಕ್ಕಾಗ ಒಣಗಿಸಿ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುವುದಿತ್ತು. ಆದರೆ 2012ರಲ್ಲಿ ಕೇರಳದ ಕಡಲಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ, 2021ರಲ್ಲಿ ಕೇವಲ 3,297 ಟನ್ನಿಗೆ ಇಳಿಯಿತು. ಮರುವರ್ಷ ಮತ್ತೆ ಒಂದು ಲಕ್ಷ ಟನ್ ದಾಟಿತು. ಇಂತಹ ಏರಿಳಿತ ಏಕೆ? ಇದನ್ನು ತಿಳಿಯಲು ಈ ಮೀನಿನ ಬಾಳ್ವೆಯನ್ನು ತಿಳಿಯಬೇಕು.

ಆಹಾರ

ಬೂತಾಯಿ ಬೇರೆ ಮೀನುಗಳನ್ನು ಬೇಟೆಯಾಡಿ ಬದುಕುವುದಿಲ್ಲ. ನೀರಿನಲ್ಲಿ ತೇಲುವ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳೇ ಅದರ ಮುಖ್ಯ ಆಹಾರ. ಬಾಯಿ ತೆರೆದು ಈಜುವಾಗ ಕಿವಿರಿನ ಬಳಿಯಿರುವ ಬಾಚಣಿಗೆಯಂತಹ ಎಳೆಗಳು ಇವನ್ನು ಜರಡಿ ಹಿಡಿಯುತ್ತವೆ. ಮಳೆಗಾಲದ ಗಾಳಿ ಕರಾವಳಿಯ ಮೇಲ್ನೀರನ್ನು ಹೊರಕ್ಕೆ ತಳ್ಳಿದಾಗ ಆಳದ ತಣ್ಣೀರು ಮೇಲೇರಿ ಬರುತ್ತದೆ. ಅದರೊಡನೆ ಬರುವ ಪೋಷಕಾಂಶಗಳು ಕಡಲಿಗೆ ಗೊಬ್ಬರವಿದ್ದಂತೆ. ಆಗ ಈ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ, ಬೂತಾಯಿ ಹಿಂಡು ಹಿಂಡಾಗಿ ದಡದತ್ತ ಬರುತ್ತದೆ. ಹಿಂಡಾಗಿ ಈಜುವುದರಿಂದ ದೊಡ್ಡ ಮೀನುಗಳಿಂದ ತಪ್ಪಿಸಿಕೊಳ್ಳಲು ಅನುಕೂಲ. ಆದರೆ ಅದೇ ಕಾರಣದಿಂದ ಒಂದೇ ಬಲೆಗೆ ಇಡೀ ಹಿಂಡು ಸಿಕ್ಕಿಬೀಳುವುದೂ ಉಂಟು.

ಸಂತಾನ

ಬೂತಾಯಿಯ ಆಯುಸ್ಸು ಸುಮಾರು ಎರಡೂವರೆ ವರ್ಷ. ಒಂದು ವರ್ಷಕ್ಕೆ ಸುಮಾರು 15 ಸೆಂಟಿಮೀಟರ್ ಬೆಳೆದು ಮೊಟ್ಟೆಯಿಡಲು ಸಿದ್ಧವಾಗುತ್ತದೆ. ಮೊಟ್ಟೆಯಿಡುವುದು ಹೆಚ್ಚಾಗಿ ಜೂನ್‌ನಿಂದ ಆಗಸ್ಟ್‌ವರೆಗೆ. ಒಂದೊಂದು ಹೆಣ್ಣು ಮೀನೂ ಹತ್ತಾರು ಸಾವಿರ ಮೊಟ್ಟೆ ಇಡುತ್ತದೆ. ಅವು ನೀರಿನಲ್ಲಿ ತೇಲುತ್ತಾ ಒಂದು ದಿನದೊಳಗೇ ಒಡೆಯುತ್ತವೆ. ಆ ಹೊತ್ತಿಗೆ ಕಡಲಲ್ಲಿ ಆಹಾರವಿದ್ದರೆ ಮರಿಗಳು ಬದುಕುತ್ತವೆ, ಇಲ್ಲದಿದ್ದರೆ ಸಾಯುತ್ತವೆ. ಮಳೆ ತಪ್ಪಿದರೆ ನಮ್ಮ ಗದ್ದೆ ಕೆಡುವಂತೆ, ಕಡಲಿನ ಹದ ತಪ್ಪಿದರೆ ಬೂತಾಯಿಯ ಬೆಳೆಯೂ ಕೆಡುತ್ತದೆ. ಆಯುಸ್ಸು ಕಡಿಮೆಯಾದ್ದರಿಂದ ಒಂದೆರಡು ವರ್ಷ ಮರಿಗಳು ಉಳಿಯದೆ ಹೋದರೂ ಸಂತತಿ ಕುಸಿಯುತ್ತದೆ.

ಕಡಲಿನ ಹದ ನಮ್ಮ ಕೈಯಲ್ಲಿಲ್ಲ. ಆದರೆ ಮರಿಗಳನ್ನು ಉಳಿಸುವುದು ನಮ್ಮ ಕೈಯಲ್ಲಿದೆ. 10 ಸೆಂಟಿಮೀಟರಿಗಿಂತ ಚಿಕ್ಕ ಮತ್ತಿಯನ್ನು ಹಿಡಿಯಬಾರದೆಂದು ಕೇರಳ ಸರಕಾರ 2015ರಲ್ಲಿ ನಿಯಮ ಮಾಡಿತು. ಆದರೂ ಮರಿಮೀನು ಬಲೆಗೆ ಬೀಳುತ್ತಲೇ ಇದೆ. ಅದನ್ನು ಒಣಗಿಸಿ ಪುಡಿಮಾಡಿ ಕೋಳಿಗಳ ಮತ್ತು ಸಾಕುಮೀನುಗಳ ಮೇವಿಗೂ ಸೇರಿಸುತ್ತಾರೆ. ಬಿತ್ತನೆಗೆಂದು ಇಟ್ಟ ಭತ್ತವನ್ನು ಕುಟ್ಟಿ ಉಣ್ಣುವ ಒಕ್ಕಲಿಗನಿಗೂ ಇದಕ್ಕೂ ಏನು ವ್ಯತ್ಯಾಸ?

ಆರೋಗ್ಯ

ಬಡವರ ಮೀನೆಂದು ಕರೆಸಿಕೊಂಡರೂ ಬೂತಾಯಿ ಸತ್ವದಲ್ಲಿ ಬಡವಲ್ಲ. ಇದರಲ್ಲಿ ಒಳ್ಳೆಯ ಪ್ರೋಟೀನು, ವಿಟಮಿನ್ ‘ಡಿ’ ಮತ್ತು ಹೃದಯಕ್ಕೆ ಹಿತವಾದ ಒಮೇಗಾ-3 ಕೊಬ್ಬು ಇವೆ. ಮೃದುವಾದ ಮುಳ್ಳನ್ನು ಜಗಿದು ತಿಂದರೆ ಕ್ಯಾಲ್ಸಿಯಂ ಕೂಡ ಸಿಗುತ್ತದೆ. ಮಳೆಗಾಲ ಕಳೆದ ಮೇಲಿನ ಬೂತಾಯಿಯಲ್ಲಿ ಎಣ್ಣೆಯ ಅಂಶ ಹೆಚ್ಚು, ರುಚಿಯೂ ಹೆಚ್ಚು.

ನಾವು ಗಮನಿಸಬೇಕಾದದ್ದು

1. ಹೆಬ್ಬೆರಳು, ತೋರುಬೆರಳು ಅಗಲಿಸಿದರೆ ಒಂದು ಚೋಟು. ಸುಮಾರು ಅಷ್ಟು ಉದ್ದದ ಮೀನನ್ನೇ ಕೊಳ್ಳೋಣ. ಅಗ್ಗವೆಂದು ಮರಿ ಕೊಳ್ಳುವುದು ಬೇಡ.

2. ಮಂಜುಗಡ್ಡೆಯಿಲ್ಲದೆ ಬಹಳ ಹೊತ್ತು ಬಿಸಿಲಲ್ಲಿಟ್ಟ ಬೂತಾಯಿಯಲ್ಲಿ ಹಿಸ್ಟಮಿನ್ ಎಂಬ ವಿಷವಸ್ತು ಉಂಟಾಗುತ್ತದೆ. ಬೇಯಿಸಿದರೂ ಅದು ಹೋಗದು. ತಿಂದವರಿಗೆ ಮುಖ ಕೆಂಪಾಗುವುದು, ತುರಿಕೆ, ತಲೆನೋವು ಬರಬಹುದು. ಕಣ್ಣು ಹೊಳೆಯುವ, ಕಿವಿರು ಕೆಂಪಗಿರುವ, ಒತ್ತಿದರೆ ಗಟ್ಟಿಯಾಗಿರುವ ಮೀನನ್ನೇ ಆರಿಸೋಣ.

3. ಗೌಟ್ ಎಂಬ ಕೀಲುನೋವು ಇರುವವರು ವೈದ್ಯರನ್ನು ಕೇಳಿ ತಿನ್ನುವುದು ಒಳ್ಳೆಯದು.

4. ಮೀನಿನ ತಲೆ, ಕರುಳನ್ನು ಅಂಗಳದಾಚೆ ಎಸೆಯದೆ ತೆಂಗಿನ ಬುಡದಲ್ಲಿ ಗುಂಡಿ ತೋಡಿ ಹೂಳೋಣ. ನೊಣದ ಕಾಟ ತಪ್ಪುತ್ತದೆ, ಮರಕ್ಕೂ ಗೊಬ್ಬರವಾಗುತ್ತದೆ.