ಕಲಿತ ಹಾಡು ಎಲ್ಲಿ ಹೋಯಿತು? ಸ್ಥಿತಿ ಮತ್ತು ಸ್ಮೃತಿಯ ಕುರಿತು ಒಂದು ಪಾಠ

ಬಿ.ಎಡ್. ಮೊದಲ ವರ್ಷದ ತರಗತಿಯಲ್ಲಿ ಸ್ಮೃತಿಯ ಘಟಕ ನಡೆಯುತ್ತಿತ್ತು. ಕಲಿಕೆ, ಧಾರಣೆ, ಪುನಃಸ್ಮರಣೆ, ಗುರುತಿಸುವಿಕೆ ಎಂಬ ನಾಲ್ಕು ಅಂಶಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಜೀವನದಿಂದ ಉದಾಹರಣೆ ಕೊಡಿ ಎಂದೆ. ಪ್ರಶಿಕ್ಷಣಾರ್ಥಿಯೊಬ್ಬರು ಎದ್ದು ನಿಂತರು.

"ಸರ್, ನಮ್ಮ ದೊಡ್ಡಪ್ಪನ ಮಗ ಇಂಗ್ಲೆಂಡಿನಲ್ಲಿದ್ದಾರೆ. ವಾರಕ್ಕೊಮ್ಮೆ ಪಬ್‌ನಲ್ಲಿ ಉಕುಲೆಲೆ ಕೂಟಕ್ಕೆ ಹೋಗ್ತಾರೆ. ಎರಡು ಗ್ಲಾಸ್ ಬಿಯರ್ ಆದ ಮೇಲೆ ಹತ್ತು ಹಾಡು ಸಲೀಸಾಗಿ ನುಡಿಸ್ತಾರಂತೆ. ಮಾರನೇ ದಿನ ಮನೆಯಲ್ಲಿ ಕೂತರೆ ಒಂದೂ ನೆನಪಾಗಲ್ಲವಂತೆ. ಕುಡಿದು ಕಲಿತದ್ದು ಕುಡಿದರೇ ಬರೋದು ಅಂತಾರೆ. ಇದು ನಿಜಾನಾ ಸರ್?"

ತರಗತಿ ನಕ್ಕಿತು. ನನಗೂ ನಗು ಬಂತು. ಆದರೆ ಆ ಪ್ರಶ್ನೆ ನನ್ನದೇ ಒಂದು ತಪ್ಪಿನ ಮೇಲೆ ಬೆರಳಿಟ್ಟಿತ್ತು. ಅದೇ ವಾರ ಆರನೇ ತರಗತಿಯ ಒಂದು ಪದ್ಯಪಾಠ ಅವಲೋಕಿಸಿದ್ದೆ. ಮಕ್ಕಳೆಲ್ಲ ಒಟ್ಟಾಗಿ ಪದ್ಯವನ್ನು ಸೊಗಸಾಗಿ ಹಾಡಿದರು. ಬಳಿಕ ಒಬ್ಬ ಹುಡುಗಿಯನ್ನು ಎಬ್ಬಿಸಿ ಹೇಳು ಎಂದಾಗ ಅವಳು ಬಾಯಿಯೇ ತೆರೆಯಲಿಲ್ಲ. "ಮಗು ಪದ್ಯ ಕಲಿತಿಲ್ಲ, ಪಾಠದ ಉದ್ದೇಶ ಈಡೇರಿಲ್ಲ" ಎಂದು ಅವಲೋಕನ ಪುಸ್ತಕದಲ್ಲಿ ಬರೆದಿದ್ದೆ. ಕಲಿತಿಲ್ಲ ಎಂಬುದು ನನಗೆ ಹೇಗೆ ಗೊತ್ತಾಯಿತು?

ಪ್ರಯೋಗಗಳು ಹೇಳುವುದೇನು?

ಆ ಅಣ್ಣನ ಮಾತಿನಲ್ಲಿ ಅರ್ಧ ಸತ್ಯವಿದೆ. 1969ರಲ್ಲಿ ಡೊನಾಲ್ಡ್ ಗುಡ್ವಿನ್ ಮತ್ತು ಸಂಗಡಿಗರು 48 ಮಂದಿ ವೈದ್ಯಕೀಯ ವಿದ್ಯಾರ್ಥಿಗಳ ಮೇಲೆ ಪ್ರಯೋಗ ನಡೆಸಿದರು. ಮೊದಲ ದಿನ ಕೆಲವರು ಮದ್ಯ ಕುಡಿದು ಕಲಿತರು, ಕೆಲವರು ಕುಡಿಯದೆ ಕಲಿತರು. ಮರುದಿನದ ಪರೀಕ್ಷೆಯಲ್ಲಿ ಕೆಲವರ ಸ್ಥಿತಿ ಹಿಂದಿನ ದಿನದಂತೆಯೇ ಇತ್ತು, ಉಳಿದವರದು ಬದಲಾಗಿತ್ತು. ತಾನಾಗಿ ನೆನೆದು ಹೇಳಬೇಕಾದ ಕೆಲಸಗಳಲ್ಲಿ ಸ್ಥಿತಿ ಬದಲಾದವರು ಹಿಂದೆ ಬಿದ್ದರು. ನೋಡಿದ ಚಿತ್ರವನ್ನು ಗುರುತಿಸುವ ಕೆಲಸದಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಸ್ಥಿತಿ ಅವಲಂಬಿತ ಸ್ಮೃತಿ ಎನ್ನುತ್ತಾರೆ.

ಸ್ಥಳಕ್ಕೂ ಇಂಥದೇ ಪ್ರಭಾವವಿದೆ ಎಂದು ತೋರಿಸಿದವರು ಗಾಡನ್ ಮತ್ತು ಬ್ಯಾಡ್ಲಿ. 1975ರ ಅವರ ಪ್ರಯೋಗದಲ್ಲಿ ಮುಳುಗುಗಾರರು ನೀರಿನಡಿ ಕಲಿತ ಪದಗಳನ್ನು ನೀರಿನಡಿಯಲ್ಲಿಯೂ, ದಡದಲ್ಲಿ ಕಲಿತದ್ದನ್ನು ದಡದಲ್ಲಿಯೂ ಹೆಚ್ಚು ನೆನೆದರು. ಆದರೆ 2021ರಲ್ಲಿ ಪ್ರಕಟವಾದ ಮರುಪ್ರಯೋಗದಲ್ಲಿ ಇದೇ ಫಲಿತಾಂಶ ಬರಲಿಲ್ಲ. ಹಾಗಾಗಿ ಇದನ್ನು ಕಲ್ಲಿನ ಮೇಲೆ ಕೆತ್ತಿದ ನಿಯಮದಂತೆ ಪಾಠ ಮಾಡಬಾರದು.

ಶಿಕ್ಷಕರಿಗೆ ಹೆಚ್ಚು ಬೇಕಾದದ್ದು ಎರಿಕ್ ಐಕ್ 1980ರ ವಿಮರ್ಶೆಯಲ್ಲಿ ತೋರಿಸಿದ ಸಂಗತಿ. ಸ್ಥಿತಿ ಬದಲಾದಾಗ ಆಗುವ ನಷ್ಟ ಎದ್ದು ಕಾಣುವುದು ಯಾವ ಸುಳಿವೂ ಇಲ್ಲದೆ ನೆನೆಯಬೇಕಾದಾಗ. ಸುಳಿವು ಕೊಟ್ಟರೆ ನಷ್ಟ ಬಹುಮಟ್ಟಿಗೆ ಮರೆಯಾಗುತ್ತದೆ. ಅಂದರೆ ಕಲಿತದ್ದು ಅಳಿಸಿಹೋಗಿಲ್ಲ, ಅಲ್ಲಿಗೆ ತಲುಪುವ ದಾರಿ ಸಿಗುತ್ತಿಲ್ಲ.

ಹಾಗಾದರೆ ಕುಡಿದೇ ನುಡಿಸಿದರಾಯಿತಲ್ಲ ಎಂದು ಕೇಳಬಹುದು. ಆಗದು. ಹೊಸ ನೆನಪನ್ನು ದಾಖಲಿಸಿಕೊಳ್ಳುವ ಮಿದುಳಿನ ಕೆಲಸವನ್ನೇ ಮದ್ಯ ಕುಂದಿಸುತ್ತದೆ, ರಾತ್ರಿಯ ನಿದ್ದೆಯನ್ನೂ ಕೆಡಿಸುತ್ತದೆ. ಕಲಿತದ್ದು ಗಟ್ಟಿಯಾಗುವುದರಲ್ಲಿ ನಿದ್ದೆಯ ಪಾಲು ದೊಡ್ಡದು. ಮತ್ತೆ ಕುಡಿದರೆ ದಾಖಲಾದ ಅಲ್ಪಸ್ವಲ್ಪಕ್ಕೆ ದಾರಿ ಸಿಕ್ಕೀತು, ದಾಖಲಾಗದೇ ಹೋದದ್ದು ಎಷ್ಟು ಕುಡಿದರೂ ಬಾರದು.

ಗ್ಲಾಸಿನ ಮೇಲೆ ಮಾತ್ರ ತಪ್ಪು ಹೊರಿಸಬಹುದೇ?

ಉಕುಲೆಲೆ ನಾಲ್ಕು ತಂತಿಯ ಪುಟ್ಟ ವಾದ್ಯ. 1879ರಲ್ಲಿ ಮದೀರಾ ದ್ವೀಪದಿಂದ ಹವಾಯಿಗೆ ಬಂದ ಪೋರ್ಚುಗೀಸ್ ವಲಸಿಗರ ಚಿಕ್ಕ ಗಿಟಾರಿನಿಂದ ಅದು ರೂಪುಗೊಂಡಿತು. ಎ ತಂತಿಯ ಮೂರನೇ ಫ್ರೆಟ್ಟನ್ನು ಒಂದೇ ಬೆರಳಿನಲ್ಲಿ ಒತ್ತಿದರೆ ಸಿ ಕಾರ್ಡ್ ಸಿದ್ಧ. ಸಿ, ಎ ಮೈನರ್, ಎಫ್, ಜಿ ಸೆವೆನ್ ಎಂಬ ನಾಲ್ಕು ಕಾರ್ಡ್ ಬಂದರೆ ಹತ್ತಾರು ಹಾಡು ನುಡಿಸಬಹುದು. ಕಷ್ಟವೂ ಅಲ್ಲಿಯೇ ಇದೆ. ಹಾಡುಗಳ ಕಾರ್ಡ್‌ಗಳು ಒಂದೇ ಆಗಿರುವುದರಿಂದ ಒಂದರ ಕ್ರಮ ಇನ್ನೊಂದರೊಳಗೆ ಬೆರೆತುಹೋಗುತ್ತದೆ.

ಇಂಥ ಕೂಟದಲ್ಲಿ ಏನೇನಿರುತ್ತದೆ ಎಂದು ನಾವು ಹಲಗೆಯ ಮೇಲೆ ಪಟ್ಟಿ ಮಾಡಿದೆವು. ಎದುರಿಗೆ ಹಾಡಿನ ಪುಸ್ತಕ, ಸಾಲುಗಳ ಮೇಲೆ ಕಾರ್ಡ್‌ಗಳ ಹೆಸರು. ಪಕ್ಕದಲ್ಲಿ ಒಟ್ಟಿಗೆ ಹಾಡುವ ಇಪ್ಪತ್ತು ದನಿ. ಮುಂದೆ ನಿಂತು ಎತ್ತಿಕೊಡುವ ಒಬ್ಬರು. ಕೊನೆಗೆ ಆ ಗ್ಲಾಸ್. ಆಗ ಪ್ರಶ್ನೆ ಕೇಳಿದವರೇ ಹೇಳಿದರು: "ಸರ್, ಅಣ್ಣ ಅಲ್ಲಿ ಒಂದು ಸಲವಾದರೂ ತಾನಾಗಿ ನೆನಪು ಮಾಡಿಕೊಂಡೇ ಇಲ್ಲ!"

ಈ ಪಾಠದ ತಿರುಳು ಇದೇ. ಪುಸ್ತಕ ನೋಡಿ, ಪಕ್ಕದವರನ್ನು ಕೇಳಿ ನುಡಿಸುವುದು ಗುರುತಿಸುವಿಕೆಗೆ ಹತ್ತಿರ. ಮನೆಯಲ್ಲಿ ಒಬ್ಬರೇ ನುಡಿಸುವುದು ಪುನಃಸ್ಮರಣೆ. ಒಂದನ್ನು ಅಭ್ಯಾಸ ಮಾಡಿ ಇನ್ನೊಂದು ಬರಲಿ ಎಂದರೆ ಬಾರದು. ಬಿಯರ್ ಕೊಟ್ಟದ್ದು ಅಳುಕಿಲ್ಲದ ಮನಸ್ಸನ್ನು, ಜೊತೆಗೆ ಚೆನ್ನಾಗಿ ನುಡಿಸಿದೆ ಎಂಬ ಭ್ರಮೆಯನ್ನು.

ಮರಳಿ ಆರನೇ ತರಗತಿಗೆ

ಮುಂದಿನ ವಾರ ಅದೇ ಶಾಲೆಗೆ ಹೋದೆವು. ಒಕ್ಕೊರಲಿನ ಹಾಡಿನಲ್ಲಿ ಆ ಹುಡುಗಿಗೂ ನೆರೆದನಿಯ ಆಸರೆಯಿತ್ತು. ಒಂಟಿಯಾಗಿ ನಿಂತಾಗ ಅದು ಹೋಯಿತು, ಅದರ ಜಾಗಕ್ಕೆ ಹಿಂದಿನ ಬೆಂಚಿನಲ್ಲಿ ಪುಸ್ತಕ ಹಿಡಿದು ಕೂತ ನನ್ನ ಭಯ ಬಂತು. ಈ ಸಲ ಪ್ರಶಿಕ್ಷಣಾರ್ಥಿ ಅವಳ ಹತ್ತಿರ ಹೋಗಿ, ಡೆಸ್ಕಿನ ಮೇಲೆ ಮೆಲ್ಲಗೆ ತಾಳ ಹಾಕುತ್ತಾ ಮೊದಲ ಪದವನ್ನಷ್ಟೇ ಹೇಳಿದರು. ಹುಡುಗಿ ಎರಡು ನುಡಿ ಪೂರ್ತಿ ಹೇಳಿದಳು. ಮೂರನೆಯದರಲ್ಲಿ ತಡೆದಳು, ಇನ್ನೊಂದು ಪದ ಸಿಕ್ಕಾಗ ಮುಂದುವರಿದಳು. ನಾನು ಅವಲೋಕನ ಪುಸ್ತಕ ತೆರೆದು ಹಳೆಯ ಷರಾ ಹೊಡೆದುಹಾಕಿ, "ಕಲಿಕೆ ಆಗಿದೆ. ಆಸರೆಯಿಲ್ಲದ ಪುನಃಸ್ಮರಣೆಗೆ ಅಭ್ಯಾಸ ಬೇಕು" ಎಂದು ತಿದ್ದಿದೆ. ಮೊದಲ ಷರಾ ಹುಡುಗಿಗೂ ಪ್ರಶಿಕ್ಷಣಾರ್ಥಿಗೂ ಮಾಡಿದ ಅನ್ಯಾಯವಾಗಿತ್ತು.

ಬೋಧನಾಭ್ಯಾಸಕ್ಕೆ ಸೂಚನೆಗಳು

1. ಆಸರೆಯನ್ನು ಒಂದೊಂದಾಗಿ ತೆಗೆಯಿರಿ. ಮೊದಲು ಪುಸ್ತಕದೊಂದಿಗೆ ಎಲ್ಲರೂ, ನಂತರ ಪುಸ್ತಕ ಮುಚ್ಚಿ ಎಲ್ಲರೂ, ಆಮೇಲೆ ಸಾಲುಸಾಲಾಗಿ, ಇಬ್ಬಿಬ್ಬರಾಗಿ, ಕೊನೆಗೆ ಒಬ್ಬರೇ.

2. ಹಾಡಿನ ಒಂದೊಂದು ಸಾಲೂ ಮುಂದಿನದಕ್ಕೆ ಸುಳಿವು. ಸರಪಳಿ ನಡುವೆ ಕಡಿದರೆ ಮಗು ಮತ್ತೆ ಮೊದಲಿಗೆ ಹೋಗುತ್ತದೆ. ಆದ್ದರಿಂದ ಎರಡನೇ, ಮೂರನೇ ನುಡಿಯಿಂದಲೂ ಶುರು ಮಾಡಿಸಿ.

3. ಜಾಗ ಬದಲಿಸಿ. ಸ್ಮಿತ್, ಗ್ಲೆನ್‌ಬರ್ಗ್, ಬ್ಯೋರ್ಕ್ ಅವರ 1978ರ ಪ್ರಯೋಗದಲ್ಲಿ ಒಂದೇ ಕೋಣೆಯಲ್ಲಿ ಎರಡು ಸಲ ಕಲಿತವರಿಗಿಂತ ಎರಡು ಬೇರೆ ಕೋಣೆಗಳಲ್ಲಿ ಕಲಿತವರು ಹೊಸ ಕೋಣೆಯಲ್ಲಿ ಹೆಚ್ಚು ನೆನೆದರು. ನಮಗೆ ಜಗುಲಿಯಿದೆ, ಆಟದ ಮೈದಾನವಿದೆ, ಮರದ ನೆರಳಿದೆ.

4. ಮಗು ತಡೆದಾಗ ಕೂಡಲೇ "ಕೂತ್ಕೋ" ಎನ್ನಬೇಡಿ. ಒಂದು ಸುಳಿವು ಕೊಟ್ಟು ನೋಡಿ. ಸುಳಿವಿಗೆ ಉತ್ತರ ಬಂದರೆ ಒಂದು ಬಗೆಯ ಪರಿಹಾರ, ಬಾರದಿದ್ದರೆ ಮರುಬೋಧನೆ.

5. ಇದು ನಿಮಗೂ ಅನ್ವಯ. ಹಾಸ್ಟೆಲ್ ಕೋಣೆಯಲ್ಲಿ ಪಾಠ ಟಿಪ್ಪಣಿ ಓದಿಕೊಂಡರೆ ತರಗತಿಯಲ್ಲಿ ಪಾಠ ಬಾರದು. ಟಿಪ್ಪಣಿ ಮುಚ್ಚಿ, ನಿಂತುಕೊಂಡು, ಗೆಳೆಯರಿಬ್ಬರ ಮುಂದೆ ಗಟ್ಟಿಯಾಗಿ ಹೇಳಿ. ಅಳುಕು ಕಳೆಯಲು ಬೇರೆ ಯಾವುದರ ಮೊರೆಯೂ ಹೋಗಬೇಡಿ. ಅಳುಕಿನ ನಡುವೆಯೇ ನೆನೆದು ಅಭ್ಯಾಸ ಮಾಡಿದವರಿಗೆ ಅಳುಕಿದ್ದರೂ ನೆನಪಾಗುತ್ತದೆ.

ಇಂಗ್ಲೆಂಡಿನ ಅಣ್ಣನಿಗೂ ತರಗತಿ ಒಂದು ಸಲಹೆ ಕಳಿಸಿತು. ವಾರಕ್ಕೆ ಒಂದೇ ಹಾಡು ಆರಿಸಿ, ಬೆಳಿಗ್ಗೆ ಚಹಾದ ಹೊತ್ತಿನಲ್ಲಿ ಪುಸ್ತಕ ಮುಚ್ಚಿ ನುಡಿಸಿ. ತಪ್ಪಿದ ಕಡೆ ಮಾತ್ರ ತೆರೆದು ನೋಡಿ, ಮತ್ತೆ ಮುಚ್ಚಿ. ಕೂಟಕ್ಕೆ ಹೋಗುವಾಗ ಹಾಡು ಕೈಯಲ್ಲಿರಲಿ.

ಚರ್ಚೆಗೆ

ಅ. ನಿಮ್ಮ ಬೋಧನಾಭ್ಯಾಸದ ಶಾಲೆಯಲ್ಲಿ ಮಗ್ಗಿ ಹೇಳಿಸುವ ಕ್ರಮದಲ್ಲಿ ಯಾವ ಯಾವ ಆಸರೆಗಳಿವೆ? ಪಟ್ಟಿ ಮಾಡಿ.

ಆ. ನಿಮ್ಮ ಒಂದು ಪಾಠ ಟಿಪ್ಪಣಿಯ ಮೌಲ್ಯಮಾಪನ ಪ್ರಶ್ನೆಗಳಲ್ಲಿ ಗುರುತಿಸುವಿಕೆ ಎಷ್ಟು, ಪುನಃಸ್ಮರಣೆ ಎಷ್ಟು? ಎಣಿಸಿ.

ಇ. "ಕಲಿತಿಲ್ಲ" ಎಂದು ನೀವು ತೀರ್ಮಾನಿಸಿದ ಒಬ್ಬ ವಿದ್ಯಾರ್ಥಿಯ ಬಳಿಗೆ ಒಂದು ಸುಳಿವಿನೊಂದಿಗೆ ಮತ್ತೆ ಹೋಗಿ. ನಡೆದದ್ದನ್ನು ದಿನಚರಿಯಲ್ಲಿ ಬರೆಯಿರಿ.