ಕೊಳವೆಬಾವಿಗಳ ಇಳುವರಿ ಪರಿಶೀಲನೆಯಲ್ಲಿ ಭೌಗೋಳಿಕ ಮಾಹಿತಿ ವ್ಯವಸ್ಥೆ

ಪೀಠಿಕೆ
ಬೇಸಿಗೆಯಲ್ಲಿ ಕೊಳವೆಬಾವಿಯ ನೀರು ಕಡಿಮೆಯಾದೊಡನೆ ಹೊಸದನ್ನು ಕೊರೆಸುವ ವಿಷಯ ಗ್ರಾಮ ಪಂಚಾಯತಿಯ ಸಭೆಗೆ ಬರುತ್ತದೆ. ಹಳೆಯ ಬಾವಿ ಸೋತ ಕಾರಣವನ್ನು ತಿಳಿಯದೆ ಠರಾವು ಮಾಡಿದರೆ ಹಣವೂ ವ್ಯಯವಾಗಿ, ಜನರಿಗೆ ನೀರೂ ದೊರೆಯದಿರಬಹುದು.

ತೈಲಕ್ಷೇತ್ರಗಳ ಪಾಠ
ತೈಲಕ್ಷೇತ್ರದಲ್ಲಿ ಉತ್ಪಾದನೆ ಕುಸಿದಾಗ ತಜ್ಞರು ಒಂದೇ ಬಾವಿಯನ್ನು ನೋಡಿ ತೀರ್ಮಾನಿಸುವುದಿಲ್ಲ. ಪ್ರತಿ ಬಾವಿಯ ಸ್ಥಳ, ಆಳ, ತೈಲದ ಪ್ರಮಾಣ, ಅದರೊಂದಿಗೆ ಬರುವ ನೀರಿನ ಪ್ರಮಾಣ ಇವೆಲ್ಲವನ್ನೂ ಗಣಕಯಂತ್ರದ ನಕ್ಷೆಯ ಮೇಲೆ ಪದರಪದರವಾಗಿ ಇರಿಸಿ, ದೋಷವು ಬಾವಿಯದೋ ಭೂಗರ್ಭದ್ದೋ ಎಂದು ಗುರುತಿಸುತ್ತಾರೆ. ಕುಡಿಯುವ ನೀರಿನ ಬಾವಿಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ.

ನಕ್ಷೆ ತಿಳಿಸುವ ಸಂಗತಿಗಳು
1. ಒಂದೇ ಬಾವಿ ಸೋತು ಸುತ್ತಲಿನವು ಮೊದಲಿನಂತಿದ್ದರೆ, ಮೋಟಾರು, ಪೈಪು ಹಾಗೂ ಹೂಳನ್ನು ಮೊದಲು ಪರೀಕ್ಷಿಸಬೇಕು.
2. ಹತ್ತಿರದ ಹಲವು ಬಾವಿಗಳು ಒಟ್ಟಿಗೆ ಇಳಿದಿದ್ದರೆ, ಅವು ಒಂದೇ ಸೆಲೆಯನ್ನು ಹಂಚಿಕೊಂಡಿರುವ ಸಾಧ್ಯತೆಯಿದೆ. ಅಲ್ಲಿ ಮತ್ತೊಂದನ್ನು ಕೊರೆದರೆ ಇದ್ದವೂ ಬತ್ತಬಹುದು.
3. ಇಡೀ ಗ್ರಾಮದ ಬಾವಿಗಳು ಇಳಿದಿದ್ದರೆ, ಮಳೆಯ ಪ್ರಮಾಣದೊಂದಿಗೆ ಹೋಲಿಸಿ, ಕೆರೆಯ ಹೂಳೆತ್ತುವುದು ಹಾಗೂ ನೀರು ಇಂಗಿಸುವ ಕಾಮಗಾರಿಗಳನ್ನು ಆಲೋಚಿಸಬೇಕು.

ಗಟ್ಟಿಶಿಲೆಯ ಪ್ರದೇಶದಲ್ಲಿ ಅಂತರ್ಜಲವು ಶಿಥಿಲ ಪದರ ಹಾಗೂ ಬಿರುಕುಗಳಲ್ಲಿ ಮಾತ್ರ ಸಂಗ್ರಹವಾಗುವುದರಿಂದ ಅಕ್ಕಪಕ್ಕದ ಬಾವಿಗಳಲ್ಲಿಯೂ ಇಳುವರಿ ಭಿನ್ನವಾಗಿರುತ್ತದೆ. ಆ ಬಿರುಕುಗಳಿಗೆ ಆಡಳಿತದ ಗಡಿಯಿಲ್ಲ. ಲಕಮನಹಳ್ಳಿಯಂತಹ ಕೈಗಾರಿಕಾ ಪ್ರದೇಶದಲ್ಲಿ ಛಾವಣಿ ಮತ್ತು ಡಾಂಬರು ಹೆಚ್ಚಿದಷ್ಟೂ ಮಳೆನೀರು ಇಂಗುವ ನೆಲ ಕಡಿಮೆಯಾಗುತ್ತದೆ. ಆದ್ದರಿಂದ ನಗರದ ಅಂಚಿನ ಪಂಚಾಯತಿಗಳು ತಮ್ಮ ಗಡಿಯಾಚೆಯ ಬಾವಿಗಳನ್ನೂ ನಕ್ಷೆಯಲ್ಲಿ ಸೇರಿಸಿಕೊಳ್ಳುವುದು ಸೂಕ್ತ.

ಪಂಚಾಯತಿ ಮಾಡಬಹುದಾದ ಕಾರ್ಯ
ಪ್ರತಿ ಬಾವಿಯ ಸರ್ವೆ ನಂಬರನ್ನು ‘ದಿಶಾಂಕ್’ ಆ್ಯಪ್ ಮೂಲಕ ಗುರುತಿಸಿ, ಆಳ, ಕೊರೆದ ವರ್ಷ ಹಾಗೂ ದುರಸ್ತಿಯ ವಿವರಗಳನ್ನು ವಹಿಯಲ್ಲಿ ಬರೆಯಬೇಕು. ನೀರಗಂಟಿಯ ನೆರವಿನಿಂದ ಮಳೆಗಾಲದ ಮೊದಲು ಮತ್ತು ನಂತರ ಇಳುವರಿಯನ್ನು ಅಳೆಯಬೇಕು. ಉದಾಹರಣೆಗೆ, 200 ಲೀಟರ್ ಡ್ರಮ್ 100 ಸೆಕೆಂಡಿನಲ್ಲಿ ತುಂಬಿದರೆ ಇಳುವರಿಯು ಗಂಟೆಗೆ 7,200 ಲೀಟರ್. ಫ್ಲೋರೈಡ್ ಪರೀಕ್ಷೆಯ ಫಲಿತಾಂಶವನ್ನೂ ದಾಖಲಿಸಬೇಕು. ಬೇರೆ ಮೂಲವಿಲ್ಲದಾಗ ಅದರ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ.

ಉಪಸಂಹಾರ
ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಕುಡಿಯುವ ನೀರೂ ಒಂದು. ನಕ್ಷೆಯು ಭೂವಿಜ್ಞಾನಿಯ ಸ್ಥಳ ಪರಿಶೀಲನೆಗೆ ಪರ್ಯಾಯವಲ್ಲ. ತಪ್ಪು ಅಂಕಿ ತುಂಬಿದರೆ ಅದು ತಪ್ಪು ದಾರಿಯನ್ನೇ ತೋರಿಸುತ್ತದೆ. ಆದರೆ ಸರಿಯಾದ ನಕ್ಷೆಯೊಂದು ಸಭೆಯ ಮುಂದಿದ್ದರೆ ಬಾವಿ ಯಾರ ಓಣಿಗೆ ಎಂಬ ವಾದಕ್ಕಿಂತ ನೀರು ಎಲ್ಲಿದೆ ಎಂಬ ವಿಚಾರ ಮೊದಲಾಗುತ್ತದೆ.

ಚರ್ಚೆಗೆ: ತಮ್ಮ ಗ್ರಾಮದಲ್ಲಿ ಈಚೆಗೆ ನಿಂತ ಬಾವಿಗಳು ಮೇಲಿನ ಯಾವ ಗುಂಪಿಗೆ ಸೇರುತ್ತವೆ?