ನಿಂತಿದ್ದೆಲ್ಲ ವಿಶ್ರಾಂತಿಯಲ್ಲ

ಬೆಂಗಳೂರಿನಿಂದ ಪುಣೆ, ಮುಂಬೈ ಕಡೆಗೆ ಬಹಳ ಕಾಲದಿಂದ ಲಾರಿ ಓಡಿಸುತ್ತಿದ್ದೇನೆ. ಹೊಸದಾಗಿ ಸ್ಟೇರಿಂಗ್ ಹಿಡಿದ ಹುಡುಗರು ಘಾಟಿ, ಗೇರು, ಚೆಕ್‌ಪೋಸ್ಟ್ ಬಗ್ಗೆ ಕೇಳುತ್ತಾರೆ. ನಾನು ಮೊದಲು ಹೇಳುವುದು ನಿದ್ದೆಯ ಬಗ್ಗೆ.

ರಾತ್ರಿ ಎರಡರಿಂದ ಬೆಳಗಿನ ಜಾವದವರೆಗಿನ ಹೊತ್ತು ಕೆಟ್ಟದ್ದು. ಶಿರಾ ದಾಟಿ ಹಿರಿಯೂರು, ಚಿತ್ರದುರ್ಗದ ಕಡೆ ರಸ್ತೆ ಖಾಲಿ ಸಿಗುತ್ತದೆ; ಕಣ್ಣು ಎಳೆಯುವುದು ಅಲ್ಲೇ. ಮುಖಕ್ಕೆ ನೀರು, ಖಡಕ್ ಚಹಾ, ಗುಟ್ಕಾ, ಜೋರು ಹಾಡು ಎಲ್ಲವೂ ಸ್ವಲ್ಪ ಹೊತ್ತಿನ ಆಟ. ಈಗಷ್ಟೇ ದಾಟಿದ ಊರು ಯಾವುದೆಂದು ನೆನಪಾಗದಿದ್ದರೆ ಮಲಗಲೇಬೇಕು. ಹಾಗಂತ ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಬಾರದು, ಹಿಂದೆ ಬರುವವನೂ ತೂಕಡಿಸುತ್ತಿರಬಹುದು.

ಎಲ್ಲಿ ನಿಲ್ಲಿಸುವುದು ಎಂಬುದೇ ಕಷ್ಟ. ಡಾಬಾದಲ್ಲಿ ಊಟಕ್ಕಿಂತ ಮೊದಲು ನಾನು ನೋಡುವುದು ನೀರಿನ ತೊಟ್ಟಿ, ಕಕ್ಕಸು, ಲೈಟು. ಕತ್ತಲಿದ್ದರೆ ಡೀಸೆಲ್ ಎಳೆಯುವವರ, ಟಾರ್ಪಾಲ್ ಕೊಯ್ಯುವವರ ಭಯ. ಕಳುವಾದದ್ದನ್ನು ಡ್ರೈವರ್ ಸಂಬಳದಲ್ಲೇ ಮುರಿದುಕೊಳ್ಳುವ ಮಾಲೀಕರಿದ್ದಾರೆ. ಮೊದಲು ಜೊತೆಗೆ ಕ್ಲೀನರ್ ಇರುತ್ತಿದ್ದ, ಒಬ್ಬ ಮಲಗಿದರೆ ಇನ್ನೊಬ್ಬ ಕಾಯುತ್ತಿದ್ದ. ಈಗ ಎಷ್ಟೋ ಗಾಡಿಗಳಲ್ಲಿ ಡ್ರೈವರ್ ಒಬ್ಬನೇ. ಸೆಕೆಯಲ್ಲೂ ಗ್ಲಾಸ್ ಏರಿಸಿಕೊಂಡು, ಅರ್ಧ ಕಿವಿ ಟ್ಯಾಂಕಿನ ಕಡೆ ಇಟ್ಟು ಮಲಗಬೇಕು. 2025ರ ಅಕ್ಟೋಬರ್‌ನಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್‌ಗೆ ಎ.ಸಿ. ಕಡ್ಡಾಯವಾಗಿದೆ, ಬಹಳ ಒಳ್ಳೆಯದಾಯಿತು. ಹಳೆಯ ಗಾಡಿ ಓಡಿಸುವ ನಮ್ಮಂಥವರಿಗೆ ಅದರಿಂದ ತಂಪಿಲ್ಲ.

ರಸ್ತೆಗಿಂತ ಹೆಚ್ಚು ಸುಸ್ತು ಮಾಡುವುದು ಗೋಡೌನ್ ಗೇಟು. ಒಮ್ಮೆ ಪುಣೆಯ ಬಳಿ ಹಗಲೆಲ್ಲ ಬಿಸಿಲಲ್ಲಿ ಸಾಲು ನಿಂತಿದ್ದೆವು. ಕಕ್ಕಸಿಗೂ ಒಳಗೆ ಬಿಡಲಿಲ್ಲ. ಮುಂದಿನ ಗಾಡಿ ಸರಿದಾಗಲೆಲ್ಲ ನಾವೂ ಸರಿಸಬೇಕು, ಮಲಗುವುದೆಲ್ಲಿ? ಸಂಜೆ ಅನ್‌ಲೋಡ್ ಆಗುತ್ತಲೇ ಫೋನು: "ಬೆಳಿಗ್ಗೆ ಹುಬ್ಬಳ್ಳೀಲಿ ಲೋಡ್ ಐತೆ, ಬಂದ್ಬಿಡಪ್ಪ. ಹಗಲೆಲ್ಲ ನಿಂತೇ ಇದ್ಯಲ್ಲ, ರೆಸ್ಟ್ ಆಗಿರುತ್ತೆ." ರಾತ್ರಿ ಆಗುವ ಎಷ್ಟೋ ಅಪಘಾತಗಳು ಹಗಲಿನ ಇಂಥ ಸಾಲಿನಲ್ಲೇ ಶುರುವಾಗುತ್ತವೆ ಎಂದು ನಾನು ನಂಬಿದ್ದೇನೆ. ಆದರೆ ಕೇಸಿನಲ್ಲಿ ಬರೆಯುವುದು ಚಾಲಕನ ನಿರ್ಲಕ್ಷ್ಯ ಎಂದಷ್ಟೇ.

ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ಬಿಡುವು ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಐದಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆಗೆ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ. ಒಂದೆರಡು ಲಾರಿ ಇಟ್ಟುಕೊಂಡ ಮಾಲೀಕರ ಬಳಿ ದುಡಿಯುವವರು ಹಾಗೆಯೇ ಹೊರಗುಳಿದರು.

ಗೋಡೌನ್, ಕಾರ್ಖಾನೆ ನಡೆಸುವವರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಗೇಟಿನ ಹತ್ತಿರ ಡ್ರೈವರ್‌ಗಳಿಗೆ ಕಕ್ಕಸು, ಕುಡಿಯುವ ನೀರು, ಒಂದಿಷ್ಟು ನೆರಳು ಮಾಡಿಕೊಡಿ. ಯಾವ ಗಾಡಿ ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆಂದು ಬಂದಾಗಲೇ ಹೇಳಿಬಿಡಿ; ಅಲ್ಲಿಯವರೆಗೆ ನಾವು ಮಲಗುತ್ತೇವೆ.